ಸುಣ್ಣ ಹಚ್ಚಿದ ಎರಡು ಬೆರಳು

ಡಲ್ಲಾಸ್

ಅಮೆರಿಕಕ್ಕೆ ಕಾಲಿಟ್ಟ ಮೇಲೆ ನಾನು ಮೊದಲು ಅನುಮಾನಪಟ್ಟದ್ದು ಒಬ್ಬ ಮುದುಕನ ಮೇಲೆ. ಬೆಳಿಗ್ಗೆ ಏಳು ಗಂಟೆಗೆ ವಾಕಿಂಗ್ ಹೊರಟಿದ್ದೆ. ನಾಯಿ ಹಿಡಿದುಕೊಂಡು ಎದುರು ಬಂದ ಆತ ಬಾಯಿ ತುಂಬ ನಕ್ಕು, ಕೈ ಎತ್ತಿ, "ಹೇಗಿದ್ದೀರಿ?" ಎಂದ. ನಾನು ನಿಂತೆ. ನಿದ್ದೆ ಸರಿಯಾಗಿಲ್ಲ, ತಲೆ ಭಾರ, ಹೊಟ್ಟೆ ಇನ್ನೂ ಧಾರವಾಡದ ಟೈಮಿನಲ್ಲೇ ಇದೆ ಎಂದು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಆತ ಮೂರು ಮನೆ ದಾಟಿ ಹೋಗಿದ್ದ. ಉತ್ತರ ಬೇಡದವನು ಪ್ರಶ್ನೆ ಯಾಕೆ ಕೇಳಬೇಕು? ಮನೆಗೆ ಬಂದವಳೇ ನನ್ನ ತಂಗಿಯ ಮಗಳು ರಶ್ಮಿಗೆ ಹೇಳಿದೆ, ಆ ನಾಯಿಯವನ ಮೇಲೆ ಒಂದು ಕಣ್ಣಿಟ್ಟಿರು ಎಂದು.

"ದೊಡ್ಡಮ್ಮ, ಇಲ್ಲಿ ಎಲ್ಲರೂ ಹಾಗೇ ಕೇಳ್ತಾರೆ. ಸುಮ್ನೆ 'ಗುಡ್' ಅಂದ್ಬಿಡಿ," ಎಂದು ಅವಳು ನಕ್ಕಳು. ರಶ್ಮಿ ಬೆಂಗಳೂರಿನಲ್ಲಿ ಬೆಳೆದವಳು, ಲಾಸ್ ಕೊಲಿನಾಸ್‌ನ ಒಂದು ಆಫೀಸಿನಲ್ಲಿ ಕೆಲಸ. ಎಲ್ಲದಕ್ಕೂ ನಗುತ್ತಾಳೆ. ಅದೂ ನನಗೆ ಪೂರ್ತಿ ಸರಿ ಕಾಣುವುದಿಲ್ಲ.

ಅನುಮಾನ ನನ್ನ ಹುಟ್ಟುಗುಣವೇನಲ್ಲ, ಕಸುಬಿನಿಂದ ಬಂದದ್ದು. ಮೂವತ್ತೊಂದು ವರ್ಷ ಧಾರವಾಡದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿದ್ದೆ. ಹೊಟ್ಟೆನೋವು ಎಂದು ಬಂದ ಹುಡುಗಿ ಯಾವ ಕೈಯಿಂದ ಹೊಟ್ಟೆ ಹಿಡಿದಿದ್ದಾಳೆ ಎಂಬುದರ ಮೇಲೇ ಅದು ನೋವೋ ನಾಟಕವೋ ಎಂದು ಹೇಳುತ್ತಿದ್ದೆ. ಅದಕ್ಕೂ ಮೊದಲು, ಕಾಲೇಜಿನ ದಿನಗಳಲ್ಲಿ, ಸಾಫ್ಟ್‌ಬಾಲ್ ತಂಡದ ಕ್ಯಾಚರ್. ಸಾಫ್ಟ್‌ಬಾಲ್ ಬೇಸ್‌ಬಾಲಿನ ತಂಗಿಯಿದ್ದ ಹಾಗೆ: ಚೆಂಡು ದೊಡ್ಡದು, ಮೈದಾನ ಚಿಕ್ಕದು. ಚೆಂಡು ಎಸೆಯುವವಳು ಪಿಚರ್. ಬ್ಯಾಟು ಹಿಡಿದವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವಳು ಕ್ಯಾಚರ್. ಇಡೀ ಮೈದಾನಕ್ಕೆ ಎದುರಾಗಿ ಕೂರುವವಳು ಅವಳೊಬ್ಬಳೇ. ಎದುರಾಳಿಗಳಲ್ಲಿ ಯಾರು ಯಾವಾಗ ಒಂದು ಬೇಸಿನಿಂದ, ಅಂದರೆ ಒಂದು ನೆಲೆಯಿಂದ, ಇನ್ನೊಂದಕ್ಕೆ ಕದ್ದು ಓಡುತ್ತಾರೋ ಎಂದು ಎಲ್ಲರನ್ನೂ ಸಂಶಯದಿಂದ ನೋಡುವುದೇ ಅವಳ ಕೆಲಸ. ನಾನು ಆ ಕೆಲಸದಲ್ಲಿ ಭಾರೀ ಜೋರಾಗಿದ್ದೆ.

ನಿವೃತ್ತಿಯಾದ ಮೇಲೆ ಬೇಸ್‌ಬಾಲ್ ಹುಚ್ಚು ಹತ್ತಿತು. ಬೆಳಿಗ್ಗೆ ಐದೂವರೆಗೆ ಎದ್ದು ಚಹಾ ಲೋಟ ಹಿಡಿದು ಮೊಬೈಲಿನಲ್ಲಿ ಅಮೆರಿಕದ ಆಟ ನೋಡುತ್ತ ಕೂರುವುದು. ರಶ್ಮಿ "ಬನ್ನಿ" ಎಂದಾಗ ಎರಡು ಆಸೆ ಇಟ್ಟುಕೊಂಡು ಹೊರಟೆ. ಒಂದು, ಆಟದ ಋತು ಶುರುವಾಗುವ ಮುನ್ನ ಹುಡುಗರು ಮಾಡುವ ವಸಂತದ ತಾಲೀಮನ್ನು ಕಣ್ಣಾರೆ ನೋಡಬೇಕು. ಇನ್ನೊಂದನ್ನು ರಶ್ಮಿಗೆ ಹೇಳಿರಲಿಲ್ಲ. ಹ್ಯೂಸ್ಟನ್‌ನಲ್ಲಿ ನನ್ನ ಹಳೆಯ ಗೆಳತಿ ಶೈಲಾ ಇದ್ದಾಳೆ. ಆಕೆಯನ್ನು ಎದುರು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕಿತ್ತು. ಮೂವತ್ತಾರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿರುವ ಪ್ರಶ್ನೆ. ಆಕೆಯ ಉತ್ತರ ಸರಿಬಂದರೆ ಗೆಳೆತನ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ವಿಮಾನ ಹತ್ತುವಾಗಲೇ ತೀರ್ಮಾನಿಸಿಕೊಂಡಿದ್ದೆ.

ಮೊದಲ ಆಸೆಗೆ ರಶ್ಮಿಯೇ ಕಲ್ಲು ಹಾಕಿದಳು. "ದೊಡ್ಡ ಟೀಮ್‌ಗಳೆಲ್ಲ ಸ್ಪ್ರಿಂಗ್ ಟ್ರೈನಿಂಗ್‌ಗೆ ಅರಿಝೋನಾ, ಫ್ಲಾರಿಡಾ ಅಂತ ಹೋಗ್ಬಿಟ್ಟಿರ್ತವೆ ದೊಡ್ಡಮ್ಮ. ಈಗ ಟೆಕ್ಸಸ್‌ನಲ್ಲಿ ಸಿಗೋದು ಕಾಲೇಜ್ ಹುಡುಗರು ಅಷ್ಟೇ."

ಡ್ರೈವ್ ಮಾಡುವುದನ್ನು ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆಂದು ಮೊಬೈಲಿನಲ್ಲಿ ಹುಡುಕಿ ನೋಡಿದೆ. ನಿಜವೇ ಆಗಿತ್ತು.

ಆ ಊರಿನ ನಾಲ್ಕು ದಾರಿ ಕೂಡುವ ಕಡೆಗಳ ಬಗ್ಗೆ ಹೇಳಲೇಬೇಕು. ಪೊಲೀಸರಿಲ್ಲ, ದೀಪವಿಲ್ಲ. ನಾಲ್ಕು ಕಡೆಯಿಂದ ಬಂದ ನಾಲ್ಕು ಕಾರುಗಳು ನಿಂತು, ಒಬ್ಬರಿಗೊಬ್ಬರು "ನೀವು ಹೋಗಿ, ನೀವು ಹೋಗಿ" ಎಂದು ಕೈಸನ್ನೆ ಮಾಡುತ್ತಾರೆ. ನಮ್ಮ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಯಾರಾದರೂ ಹಾಗೆ ಕೈ ಮಾಡಿದರೆ ನಮ್ಮ ಗಾಡಿಯ ಟೈರು ಪಂಕ್ಚರ್ ಆಗಿದೆ ಎಂದೇ ಅರ್ಥ. "ಹೋಗಬೇಡ, ಏನೋ ಇದೆ," ಎಂದು ನಾನು ರಶ್ಮಿಯ ತೋಳು ಹಿಡಿದೆ. ಹಿಂದಿನ ಕಾರಿನವನು ಕೂಡ ಹಾರ್ನ್ ಹೊಡೆಯದೆ ಕಾಯ್ದ.

ದಾರಿಯಲ್ಲಿ

ರಶ್ಮಿಗೆ ಆಸ್ಟಿನ್‌ನಲ್ಲಿ ಒಂದು ವಾರ ಆಫೀಸಿನ ಕೆಲಸವಿತ್ತು. ನನ್ನನ್ನು ಹ್ಯೂಸ್ಟನ್‌ನಲ್ಲಿ ಶೈಲಾಳ ಮನೆಗೆ ಬಿಟ್ಟು ಅವಳು ಆಸ್ಟಿನ್‌ಗೆ ಹೋಗುವುದು, ನಾಲ್ಕು ದಿನ ಬಿಟ್ಟು ನಾನು ಬಸ್ಸಿನಲ್ಲಿ ಅಲ್ಲಿಗೆ ಹೋಗುವುದು ಎಂದು ಮಾತಾಗಿತ್ತು.

ಹೆದ್ದಾರಿಯ ಪಕ್ಕ ಹುಲ್ಲಿನಲ್ಲಿ ನೀಲಿ ಹೂವು ಅರಳಿತ್ತು. ಜನ ಕಾರು ನಿಲ್ಲಿಸಿ, ಹಾಲುಗಲ್ಲದ ಕೂಸುಗಳನ್ನು ಆ ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಎಲ್ಲರೂ ಕ್ಯಾಮೆರಾ ನೋಡುವವರೇ, ಹುಲ್ಲು ನೋಡುವವರು ಒಬ್ಬರೂ ಇಲ್ಲ. ಹಾವಿರುವುದಿಲ್ಲವೇ ಎಂದು ಕೇಳಿದರೆ, "ಇರತ್ತೆ ದೊಡ್ಡಮ್ಮ, ರ್‍ಯಾಟಲ್ ಸ್ನೇಕ್," ಎಂದಳು ರಶ್ಮಿ, ಚಹಾದಲ್ಲಿ ಸಕ್ಕರೆ ಇರುತ್ತದೆ ಎನ್ನುವಷ್ಟು ಸಲೀಸಾಗಿ. ಆಮೇಲೆ ಒಂದು ಅಂಗಡಿಗೆ ನೀರು ಕೊಳ್ಳಲು ಹೋದೆವು. ಬಾಗಿಲ ಮೇಲೆ ಬಂದೂಕು ಒಳಗೆ ತರಬೇಡಿ ಎಂದು ಬರೆದಿತ್ತು. ನಮ್ಮಲ್ಲಿ ಚಪ್ಪಲಿ ಹೊರಗೆ ಬಿಡಿ ಎಂದು ಬರೆಯುತ್ತಾರೆ, ಮತ್ತು ಹೊರಗೆ ನೋಡಿದರೆ ಚಪ್ಪಲಿಗಳ ರಾಶಿ ಇರುತ್ತದೆ. ಇಲ್ಲಿ ಹೊರಗೆ ಬಂದೂಕೇನೂ ಕಾಣಲಿಲ್ಲ. ಅಂದರೆ ಎಲ್ಲಿಟ್ಟಿದ್ದಾರೆ ಎಂದು ಯೋಚಿಸುತ್ತಲೇ ಹ್ಯೂಸ್ಟನ್ ಮುಟ್ಟಿದೆ.

ಹ್ಯೂಸ್ಟನ್

ಶೈಲಾಳ ಗಂಡ ವಿನಾಯಕ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರ್. ಎನರ್ಜಿ ಕಾರಿಡಾರ್ ಎನ್ನುವ ಕಡೆ ಆಫೀಸು, ಅದರ ಆಚೆಗೇ ಮನೆ. ಆತನೇ ಬಾಗಿಲು ತೆಗೆದ. "ಬರ್ರಿ ಬರ್ರಿ ಸುಮಿತ್ರಾ ಟೀಚರ್ರ! ಇಷ್ಟು ವರ್ಷಕ್ಕ ಬಂದ್ರಿ ನೋಡ್ರಿ!" ಎಂದು ಚೀಲ ಇಸಿದುಕೊಂಡ. ಅವನ ಹಿಂದೆಯೇ ಶೈಲಾ ಬಂದಳು. ಕೂದಲು ಬೆಳ್ಳಗಾಗಿತ್ತು, ದಪ್ಪ ಕನ್ನಡಕ. ನನ್ನನ್ನು ಅಪ್ಪಿಕೊಂಡು ಅತ್ತಳು. "ಎಷ್ಟ ಸೊರಗೀ ನೀ! ಒಳಗ ಬಾ, ನಿನಗ ಸೇರತದಂತ ಝುಣಕದ ವಡಿ ಮಾಡೀನಿ," ಎಂದಳು. ಇಷ್ಟೊಂದು ಉಪಚಾರ ಯಾಕೆ ಎಂದು ನನ್ನ ಮನಸ್ಸು ಆಗಲೇ ಕೆದಕತೊಡಗಿತು.

ಈಗ ಆ ಪ್ರಶ್ನೆಯ ಕಥೆ ಹೇಳಿಬಿಡುತ್ತೇನೆ. ನಮ್ಮ ಕಾಲೇಜು ತಂಡದಲ್ಲಿ ಶೈಲಾ ಪಿಚರ್, ನಾನು ಕ್ಯಾಚರ್. ಮುಂದಿನ ಚೆಂಡು ಹೇಗಿರಬೇಕೆಂದು ನಾನು ತೊಡೆಗಳ ನಡುವೆ ಕೈ ಮರೆಮಾಡಿ ಬೆರಳಿನಲ್ಲಿ ತೋರಿಸಬೇಕು. ಒಂದು ಬೆರಳಿಗೆ ವೇಗದ ಚೆಂಡು, ಎರಡಕ್ಕೆ ನಿಧಾನದ್ದು. ಅವಳ ನಿಧಾನದ ಚೆಂಡೇ ನಮ್ಮ ಬ್ರಹ್ಮಾಸ್ತ್ರ. ವೇಗವಾಗಿ ಬರುತ್ತದೆಂದು ಬ್ಯಾಟು ಬೀಸಿದವಳು ಗಾಳಿಗೆ ಹೊಡೆದು ಗಿರಗಿರ ತಿರುಗಬೇಕು. ಹಾಗೆ ಆಡಿಯೇ ಅಂತರ ಕಾಲೇಜು ಫೈನಲ್ ತಲುಪಿದ್ದೆವು. ಫೈನಲ್ ಬೆಳಗಾವಿಯಲ್ಲಿ, ಅಲ್ಲಿಯದೇ ಒಂದು ಕಾಲೇಜಿನ ಎದುರು. ಗೆದ್ದಿದ್ದರೆ ನಾವಿಬ್ಬರೂ ಯೂನಿವರ್ಸಿಟಿ ತಂಡಕ್ಕೆ ಹೋಗುತ್ತಿದ್ದೆವು.

ಅಂದು ಅವರಿಗೆ ಪ್ರತಿ ಚೆಂಡೂ ಮೊದಲೇ ಗೊತ್ತಿತ್ತು. ಅವರ ಕೋಚ್ ಮೇಡಂ ನನ್ನ ಎಡಗಡೆ ದೂರದಲ್ಲಿ, ಮೂರನೇ ಬೇಸಿನ ಪಕ್ಕ ನಿಂತು, ವೇಗದ ಚೆಂಡಿಗೆ ಒಂದು ಚಪ್ಪಾಳೆ, ನಿಧಾನದ್ದಕ್ಕೆ ಎರಡು ಹೊಡೆಯುತ್ತಿದ್ದರು. ಚಪ್ಪಾಳೆಯ ಗುಟ್ಟು ನನಗೆ ತಿಳಿಯುವ ಹೊತ್ತಿಗೆ ಆಟ ಮುಗಿದಿತ್ತು. ನಮ್ಮ ಬೆರಳಿನ ಗುರುತು ಗೊತ್ತಿದ್ದದ್ದು ಇಬ್ಬರಿಗೇ. ನಾನು ಯಾರಿಗೂ ಹೇಳಿರಲಿಲ್ಲ. ಫೈನಲ್ಲಿನ ಹಿಂದಿನ ದಿನ ಶೈಲಾ ಒಬ್ಬ ಸ್ಕೂಟರಿನವನ ಜೊತೆ ನಿಂತು ಕಬ್ಬಿನ ಹಾಲು ಕುಡಿಯುವುದನ್ನು ನಾನು ಕಂಡಿದ್ದೆ. ಆ ಸ್ಕೂಟರಿನವನು ಕೋಚ್ ಮೇಡಂ ಅವರ ತಮ್ಮ. ಅವನೇ ವಿನಾಯಕ. ನಾಲ್ಕೇ ತಿಂಗಳಿಗೆ ಇಬ್ಬರ ಮದುವೆಯೂ ಆಯಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಇನ್ನೊಂದು ಸಾಕ್ಷಿಯೂ ಇತ್ತು. ಫೈನಲ್ಲಿನ ದಿನ ಬೆಳಿಗ್ಗೆ ಶೈಲಾ ಎಲೆ ಅಡಿಕೆ ಅಂಗಡಿಯಿಂದ ಸುಣ್ಣದ ಡಬ್ಬಿ ತಂದು, "ಬೆರಳಿನ ತುದೀಗೆ ಹಚ್ಚಿಕೋ, ನನಗ ಚಂದಂಗ ಕಾಣತದ," ಎಂದಿದ್ದಳು. ನಾನು ಪೆದ್ದಿಯ ಹಾಗೆ ಎರಡು ಬೆರಳಿಗೆ ಹಚ್ಚಿಕೊಂಡು ಕೂತಿದ್ದೆ. ಅದಕ್ಕೂ ಮುನ್ನ ಒಂದು ದಿನವೂ ಆಕೆ ಸುಣ್ಣ ಕೇಳಿರಲಿಲ್ಲ. ಅಂದೇ ಯಾಕೆ ಕೇಳಿದಳು? ಆಕೆಗೆ ಕಾಣಲೆಂದೋ, ಬೇರೆಯವರಿಗೆ ಕಾಣಲೆಂದೋ?

ಎರಡು ದಿನ ಆ ಮನೆಯಲ್ಲಿ ಪೊಲೀಸ್ ಸ್ಟೇಶನ್ನಿನಲ್ಲಿ ಇದ್ದಂತೆ ಇದ್ದೆ. ಪೊಲೀಸೂ ನಾನೇ. ವಿನಾಯಕ ತನ್ನ ಅಕ್ಕನ ವಿಷಯ ತೆಗೆಯುತ್ತಾನೋ ಎಂದು ಕಿವಿ ಚುರುಕು ಮಾಡಿಕೊಂಡೆ. ಆತ ಹುಲ್ಲು ಕತ್ತರಿಸುವ ಯಂತ್ರದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಶೈಲಾ ನನ್ನ ಹಾಸಿಗೆಯ ಪಕ್ಕ ತಾಮ್ರದ ತಂಬಿಗೆಯಲ್ಲಿ ನೀರಿಟ್ಟಳು, ಕಾಲಿಗೆ ಸಾಕ್ಸ್ ಕೊಟ್ಟಳು, ರೊಟ್ಟಿಗೆ ಬೆಣ್ಣೆ ಸವರಿ ಸವರಿ ಹಾಕಿದಳು. ಒಂದೊಂದು ಉಪಚಾರವನ್ನೂ ನಾನು ಅವಳ ಹೆಸರಿನ ಎದುರು ತಪ್ಪೊಪ್ಪಿಗೆ ಎಂದೇ ಬರೆದುಕೊಂಡೆ.

ಎರಡನೇ ದಿನ ಸಂಜೆ ಅಡಿಗೆಮನೆಯಲ್ಲಿ ಅವಳೊಬ್ಬಳೇ ಇದ್ದಾಗ ಕೇಳಿಯೇಬಿಟ್ಟೆ. ಪೂರ್ತಿ ಕೇಳಲಿಲ್ಲ, ಅಂಚು ಮುಟ್ಟಿದೆ.

"ಶೈಲಾ, ಬೆಳಗಾವಿ ಫೈನಲ್ ನೆನಪದ ಏನ ನಿನಗ?"

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ತಿರುಗಿ ನೋಡಲಿಲ್ಲ.

"ಇರದ ಏನ? ಈಗ್ಯಾಕ ಅದನ್ನ ತಗದಿ?"

"ಹಂಗ. ಅವರಿಗೆ ಎಲ್ಲಾ ಹೆಂಗ ಗೊತ್ತಾತು ಅಂತ ನನಗ ಇವತ್ತಿನ ತನಾ ತಿಳೀಲಿಲ್ಲ."

"ಬಿಡ ಸುಮಿ," ಎಂದಳು. ದನಿ ಸಣ್ಣಗಾಗಿತ್ತು. "ನನ್ನಿಂದನ ಸೋತ್ವಿ. ನನಗ ಗೊತ್ತದ. ಮುಗದ ಹೋತು, ಬಿಡು."

ಮೂವತ್ತಾರು ವರ್ಷ ಕಾಯ್ದ ಮಾತು ಇಷ್ಟು ಸುಲಭವಾಗಿ ಬಾಯಿಂದ ಬಿದ್ದಿತ್ತು. ನಿಜ ಹೇಳಬೇಕೆಂದರೆ ಗೆದ್ದೆ ಎನ್ನಿಸಲಿಲ್ಲ. ಸುಳ್ಳು ಹೇಳಿದ್ದರೂ ಸಹಿಸಿಕೊಳ್ಳುತ್ತಿದ್ದೆನೇನೋ. ಮರುದಿನವೇ ಹೊರಡುತ್ತೇನೆ, ರಶ್ಮಿ ಕರೆದಿದ್ದಾಳೆ ಎಂದು ಸುಳ್ಳು ಹೇಳಿದ್ದು ನಾನು. ಬಸ್ ನಿಲ್ದಾಣದಲ್ಲಿ ಶೈಲಾ ರೊಟ್ಟಿ, ಪಲ್ಯದ ಗಂಟು ಹಿಡಿದು ನಿಂತಿದ್ದಳು. "ಬ್ಯಾಡ, ಹಸಿವಿಲ್ಲ," ಎಂದೆ. "ಏನಾತು ನಿನಗ? ನಾ ಏನರೆ ಅಂದ್ನಿ?" ಎಂದು ಎರಡು ಸಲ ಕೇಳಿದಳು. ನಾನು ಬಸ್ಸು ಹತ್ತಿ, ಆಚೆ ಬದಿಯ ಕಿಟಕಿ ನೋಡಿಕೊಂಡು ಕೂತೆ.

ಪಕ್ಕದ ಸೀಟಿನಲ್ಲಿ ದೊಡ್ಡ ಟೋಪಿಯ ಧಡೂತಿ ಮನುಷ್ಯ. ಶೇಂಗಾ ಪೊಟ್ಟಣ ಬಿಚ್ಚಿ ಮೊದಲು ನನಗೆ ಚಾಚಿದ. ರೈಲಿನಲ್ಲಿ ಬಿಸ್ಕತ್ತು ಕೊಟ್ಟು ಎಚ್ಚರ ತಪ್ಪಿಸಿ ದೋಚುವವರ ಸುದ್ದಿ ಓದಿ ಬೆಳೆದವಳು ನಾನು. ಚೀಲದ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಬೇಡವೆಂದೆ. ಆತ ಆಸ್ಟಿನ್ ತನಕ ಒಂದೊಂದೇ ಕಾಳು ತಾನೇ ತಿಂದ. ಆತನಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಹೊಟ್ಟೆ ಚುರುಗುಟ್ಟುತ್ತಿತ್ತು.

ಆಸ್ಟಿನ್, ಮೊದಲ ಮಧ್ಯಾಹ್ನ

ರಶ್ಮಿಯ ಹೋಟೆಲಿನಿಂದ ಹತ್ತು ನಿಮಿಷ ನಡೆದರೆ ಒಂದು ಸಣ್ಣ ಕಾಲೇಜು. ಬೇಸ್‌ಬಾಲ್ ಮೈದಾನಕ್ಕೆ ಕಾವಲುಗಾರನಿಲ್ಲ, ಟಿಕೆಟ್ಟಿಲ್ಲ, ಗೇಟು ಹಾರುಹೊಡೆದಿತ್ತು. ಬೇಲಿಗೆ ಒರಗಿಸಿಟ್ಟ ಬ್ಯಾಟುಗಳು, ಗ್ಲೋವುಗಳು ಹಾಗೇ ಬಿದ್ದಿದ್ದವು. ನಮ್ಮ ಶಾಲೆಯಲ್ಲಿ ವಾಲಿಬಾಲಿಗೂ ಬೀಗ ಹಾಕಿ ಕೀಲಿಯನ್ನು ನಾನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದೆ. ಇದೇನೋ ಮೋಸ ಎಂದುಕೊಂಡೇ ತಗಡಿನ ಮೆಟ್ಟಿಲುಗಳ ಮೇಲೆ, ಕ್ಯಾಚರಿನ ಬೆನ್ನಿಗೆ ಸರಿಯಾಗಿ ಕೂತೆ.

ಇಪ್ಪತ್ತೈದು ಹುಡುಗರು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಚೆಂಡು ಗ್ಲೋವಿಗೆ ಬಡಿಯುವ ಆ ಸದ್ದು! ಮೊಬೈಲಿನಲ್ಲಿ ಅದು ಕೇಳುವುದೇ ಬೇರೆ. ಎರಡು ನಿಮಿಷ ಶೈಲಾಳನ್ನೂ ಮರೆತೆ. ಹಳೆಯ ಚಾಳಿಯಂತೆ ನೋಟ್‌ಬುಕ್ ತೆಗೆದು ಬರೆಯತೊಡಗಿದೆ: ಎತ್ತರದ ಪಿಚರ್ ಸುಸ್ತಾದಾಗ ಮೊಣಕೈ ಇಳಿಸುತ್ತಾನೆ, ಎರಡನೇ ಬೇಸಿನವನು ಸೋಮಾರಿ, ಹೀಗೆ.

ಅರ್ಧ ಗಂಟೆಯಲ್ಲಿ ಹುಡುಗರು ತಿರುಗಿ ತಿರುಗಿ ನನ್ನನ್ನು ನೋಡತೊಡಗಿದರು. ಸಲ್ವಾರ್ ಕಮೀಜು, ಕೆಳಗೆ ಸ್ಪೋರ್ಟ್ಸ್ ಶೂ, ಮಡಿಲಲ್ಲಿ ನೋಟ್‌ಬುಕ್. ಕ್ಯಾಚರ್ ಹುಡುಗ ಮುಖದ ಜಾಲರಿ ತೆಗೆದು ಬೇಲಿಯ ಹತ್ತಿರ ಬಂದ. ಕೆಂಚು ಕೂದಲು, ಮೂಗಿನ ಮೇಲೆ ಧೂಳು.

"ಮ್ಯಾಮ್, ನೀವು ಯಾರ ಕಡೆಯವರು ಎಂದು ಕೇಳಬಹುದೇ?"

"ಯಾರ ಕಡೆಯೂ ಅಲ್ಲ. ನೋಡಲು ಬಂದಿದ್ದೇನೆ."

"ಶುಕ್ರವಾರ ನಮಗೆ ಪಂದ್ಯವಿದೆ, ಮ್ಯಾಮ್. ಅದಕ್ಕೆ ಕೋಚ್ ಕೇಳಿ ಬಾ ಎಂದರು. ನೀವು ಏನು ಬರೆಯುತ್ತಿದ್ದೀರಿ?"

ಬೇಹುಗಾರ್ತಿ ಎಂದುಕೊಂಡಿದ್ದರು, ನನ್ನನ್ನು! ಸಿಟ್ಟು ಬಂತು. ನೋಟ್‌ಬುಕ್ಕನ್ನು ಬೇಲಿಗೆ ಹಿಡಿದೆ. ಆತ ಬೇಲಿಗೆ ಹಣೆ ಒತ್ತಿ ಕನ್ನಡದ ಸಾಲುಗಳನ್ನು ನೋಡಿ, ಹಿಂದೆ ತಿರುಗಿ, "ಕೋಚ್, ಎಲ್ಲ ಗುಪ್ತಲಿಪಿಯಲ್ಲಿದೆ!" ಎಂದು ಕೂಗಿಬಿಟ್ಟ.

"ಗುಪ್ತಲಿಪಿ ಅಲ್ಲಪ್ಪ, ನನ್ನ ಭಾಷೆ," ಎಂದು ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಎರಡನೇ ಬೇಸಿನವನ ಸೋಮಾರಿತನದ ಸಾಲು ಬಂದಾಗ ಮೈದಾನವೆಲ್ಲ ಹೋ ಎಂದು ನಕ್ಕಿತು. ಕೋಚ್ ಟೋಪಿ ಎತ್ತಿ, ನಾಳೆಯೂ ಬನ್ನಿ ಎಂದರು. ಕ್ಯಾಚರಿನ ಹೆಸರು ವೆಸ್ಲಿ. "ಯೆಸ್ ಮ್ಯಾಮ್, ನೋ ಮ್ಯಾಮ್" ಬಿಟ್ಟು ಮಾತೇ ಇಲ್ಲ. ನನ್ನ ಶಾಲೆಯ ಮಕ್ಕಳು ಇಷ್ಟು ವಿನಯ ತೋರಿಸುತ್ತಿದ್ದದ್ದು ಕಿಟಕಿಯ ಗಾಜು ಒಡೆದಾಗ ಮಾತ್ರ. ಅದಕ್ಕೇ ಹೋಗುವಾಗ ಆತನನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿದೆ. ಬಲಗೈ ಉಗುರುಗಳಿಗೆ ಗಿಳಿಹಸಿರು ಬಣ್ಣ ಹಚ್ಚಿದ್ದ.

ಆಸ್ಟಿನ್, ಎರಡನೇ ಮಧ್ಯಾಹ್ನ

ಮರುದಿನ ತಾಲೀಮು ಮುಗಿಯುವ ತನಕ ಕಾದೆ. ಹುಡುಗರು ಚೆಂಡು ಆರಿಸುತ್ತಿದ್ದರು. ವೆಸ್ಲಿ ಒಳಗೆ ಕರೆದು, ಚೆಂಡಿನ ಬಕೆಟ್ಟನ್ನು ಬೋರಲು ಹಾಕಿ, "ಕೂತುಕೊಳ್ಳಿ ಮ್ಯಾಮ್," ಎಂದ.

"ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಆ ಉಗುರಬಣ್ಣ ಯಾಕೆ?"

ಆತ ನಕ್ಕು ಬೆರಳು ಅಗಲಿಸಿ ತೋರಿಸಿದ. "ಪಿಚರಿಗೆ ಮ್ಯಾಮ್. ದೊಡ್ಡ ತಂಡಗಳಲ್ಲಿ ಈಗ ಗುರುತು ಹೇಳುವ ಯಂತ್ರ ಕಿವಿಗೇ ಬಂದಿದೆ, ನಮಗೆ ಬೆರಳೇ ಗತಿ. ಸಂಜೆ ನೆರಳು ಬಿದ್ದರೆ ಅಲ್ಲಿಂದ ಬೆರಳು ಕಾಣುವುದಿಲ್ಲ. ನಮ್ಮ ಆ ಉದ್ದದವನಿಗೆ ಕಣ್ಣು ಬೇರೆ ಸರಿಯಿಲ್ಲ. ಒಪ್ಪಿಕೊಳ್ಳುವುದಿಲ್ಲ. ಕನ್ನಡಕ ಹಾಕು ಎಂದರೆ ಸಿಟ್ಟು ಮಾಡುತ್ತಾನೆ. ಬಣ್ಣ ಹಚ್ಚಿಕೋ ಎಂದು ಗುಟ್ಟಾಗಿ ಹೇಳಿದ್ದೂ ಅವನೇ."

ಹ್ಯೂಸ್ಟನ್ನಿನ ಬಾಗಿಲಲ್ಲಿ ನಿಂತಿದ್ದ ಶೈಲಾ, ಅವಳ ದಪ್ಪ ಕನ್ನಡಕ ಕಣ್ಣ ಮುಂದೆ ಬಂತು. ಕಾಲೇಜಿನಲ್ಲಿ ಬೋರ್ಡು ಓದಲಾಗದೆ ನನ್ನ ನೋಟ್ಸು ಕಾಪಿ ಮಾಡುತ್ತಿದ್ದಳು. ಕನ್ನಡಕ ಹಾಕಿದರೆ ಗಂಡು ಸಿಗುವುದಿಲ್ಲ ಎಂದು ಅವಳ ಅಜ್ಜಿ ಹೆದರಿಸಿದ್ದಳು. ಬೆಳಗಾವಿಯ ಫೈನಲ್ ಶುರುವಾದದ್ದು ಮಧ್ಯಾಹ್ನ ನಾಲ್ಕಕ್ಕೆ, ದೊಡ್ಡ ಆಲದಮರದ ನೆರಳು ನನ್ನ ಮೇಲೇ ಬೀಳುತ್ತಿತ್ತು. ಹಾಗಿದ್ದರೆ ಸುಣ್ಣ ಆಕೆಗೆ ಕಾಣಲೆಂದೇ ತಂದದ್ದು. ಆದರೂ ನನ್ನ ಹಟ ಬಿಡಲಿಲ್ಲ. ಸುಣ್ಣದ ಮಾತು ಇರಲಿ, ಗುರುತು ಹೊರಗೆ ಹೋದದ್ದು ಹೇಗೆ?

"ನಾನೂ ಒಂದು ಸಲ ಬೆರಳಿಗೆ ಸುಣ್ಣ ಹಚ್ಚಿಕೊಂಡಿದ್ದೆ," ಎಂದೆ.

"ನೀವು ಕ್ಯಾಚರ್ ಆಗಿದ್ದಿರಾ?" ವೆಸ್ಲಿಯ ಕಣ್ಣು ಅರಳಿತು. "ಹೇಗೆ ಕೂರುತ್ತಿದ್ದಿರಿ? ತೋರಿಸಿ ಮ್ಯಾಮ್, ದಯವಿಟ್ಟು."

ಬಕೆಟ್ಟನ್ನು ಬ್ಯಾಟು ಹಿಡಿದವರು ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ಎಳೆದುಕೊಂಡು ಕೂತೆ. ಎಡಗೈಗೆ ಆತನ ಗ್ಲೋವು, ಬಲಗೈ ತೊಡೆಗಳ ನಡುವೆ. ಐವತ್ತೆಂಟರ ಮೈ ತಾನಾಗಿಯೇ ಹಳೆಯ ಭಂಗಿಗೆ ಬಂತು. ಸುಣ್ಣವಿಲ್ಲದಿದ್ದರೇನು ಎಂದು ವೆಸ್ಲಿ ನನ್ನ ಎರಡು ಬೆರಳಿನ ತುದಿಗೆ ಬಿಳಿ ಟೇಪು ಸುತ್ತಿದ. ಆಮೇಲೆ ಓಡಿಹೋಗಿ ಮೂರನೇ ಬೇಸಿನ ಪಕ್ಕ ನಿಂತ. "ಗುರುತು ಕೊಡಿ!" ಎಂದ.

ನಾನು ಪಿಚರ್ ನಿಲ್ಲುವ ಕಡೆ ನೋಡುತ್ತ ಒಂದು ಬೆರಳು ಇಳಿಸಿದೆ.

"ಒಂದು!" ಎಂದು ಅಲ್ಲಿಂದ ಕೂಗಿದ.

ಎರಡು ಮಾಡಿದೆ. "ಎರಡು!"

ಮತ್ತೆ ಎರಡು. "ಎರಡು!" ಒಂದು. "ಒಂದು!" ಹುಡುಗರು ನಗುತ್ತಿದ್ದರು, ವೆಸ್ಲಿಯೂ ನಗುತ್ತಿದ್ದ. ನಾನು ಬೆರಳು ಮಡಚಿಕೊಂಡೆ.

"ಎಡಮೊಣಕಾಲು ಮ್ಯಾಮ್!" ಎಂದು ಓಡುತ್ತ ಬಂದ. "ಅಗಲ ತೆರೆದಿದ್ದೀರಿ. ಗ್ಲೋವು ಮೊಣಕಾಲಿಗೆ ಅಡ್ಡ ಬರಬೇಕು, ನೀವು ಮೇಲೆ ಇಟ್ಟಿದ್ದೀರಿ. ಅಲ್ಲಿಂದ ಎಲ್ಲ ಕಾಣುತ್ತದೆ. ಟೇಪು ಹಚ್ಚಿದ ಮೇಲಂತೂ ಕುರುಡನಿಗೂ ಕಾಣುತ್ತದೆ. ಬೇಸರ ಬೇಡ, ಹೋದ ವರ್ಷ ನನಗೂ ಇದಕ್ಕೇ ದಿನಾ ಬೈಗುಳ ಬೀಳುತ್ತಿತ್ತು."

ಬೇಸರ! ಆ ಹುಡುಗನಿಗೆ ಏನು ಹೇಳಲಿ? ಎಡಮೊಣಕಾಲು ಯಾಕೆ ತೆರೆದಿತ್ತು ಎಂದು ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಫೈನಲ್ಲಿಗೆ ಹತ್ತು ದಿನ ಮೊದಲು ತಾಲೀಮಿನಲ್ಲಿ ಚೆಂಡು ಬಡಿದು ಅದು ಬಾತುಕೊಂಡಿತ್ತು, ಪೂರ್ತಿ ಮಡಚಲು ಬರುತ್ತಿರಲಿಲ್ಲ. ನಮ್ಮ ಕೋಚ್ ಸರ್‌ಗೆ ತಿಳಿದರೆ ಬದಲಿ ಹುಡುಗಿಯನ್ನು ಆಡಿಸುತ್ತಾರೆಂದು ಬಚ್ಚಿಟ್ಟೆ. ಕಾಲು ಅಗಲಿಸಿ ಕೂತರೆ ನೋವು ಕಡಿಮೆಯಾಗುತ್ತಿತ್ತು. ಆ ಹತ್ತು ದಿನದಲ್ಲಿ ಅದೇ ರೂಢಿಯಾಯಿತು. ಆ ಫೈನಲ್ಲೇ ನನ್ನ ಕೊನೆಯ ಆಟ. ನನ್ನ ಶಾಲೆಯಲ್ಲಿ ಇದ್ದದ್ದು ಖೋ ಖೋ, ವಾಲಿಬಾಲ್. ಹಾಗಾಗಿ ಯಾರೂ ಮೂರನೇ ಬೇಸಿನ ಪಕ್ಕ ನಿಂತು ನನ್ನನ್ನು ನೋಡಿ ಹೇಳಿರಲಿಲ್ಲ. ನೋಡಿದವರು ಒಬ್ಬರೇ, ಆ ಮೇಡಂ. ನೋಡಿ ಚಪ್ಪಾಳೆ ತಟ್ಟಿದರು. ಅದು ಮೋಸವೂ ಅಲ್ಲ, ಆಟದಲ್ಲಿ ಎಲ್ಲರೂ ಮಾಡುವುದೇ. ಇಡೀ ಮೈದಾನವನ್ನು ಸಂಶಯಪಡುತ್ತ ಕೂತವಳು ನನ್ನ ಮೇಲೊಂದು ಸಲವೂ ಸಂಶಯಪಟ್ಟಿರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಹುಡುಗರು ಹೋದ ಮೇಲೆ ತಗಡಿನ ಮೆಟ್ಟಿಲ ಮೇಲೆ ಕೂತು ಹ್ಯೂಸ್ಟನ್ನಿಗೆ ಫೋನು ಹಚ್ಚಿದೆ.

"ಮುಟ್ಟಿದಿ ಅಂತ ಒಂದ ಫೋನ್ ಇಲ್ಲಲ್ಲ ನಿಂದು!" ಎಂದಳು ಶೈಲಾ. "ಊಟಾ ಮಾಡಿದಿ?"

"ಶೈಲಾ, ಬೆಳಗಾವಿ ಒಳಗ ಸೋತದ್ದು ನಿನ್ನಿಂದ ಅಲ್ಲ. ನನ್ನಿಂದ. ನನ್ನ ಮೊಣಕಾಲಿಗೆ ಪೆಟ್ಟ ಬಿದ್ದಿತ್ತು. ಕಾಲ ಅಗಲಿಸಿ ಕೂತಿದ್ದೆ. ನನ್ನ ಬೆರಳ ಆ ಮೇಡಮ್‌ಗ ಕಾಣಸ್ತಿತ್ತು. ನನಗ ಇವತ್ತ ತಿಳೀತು."

ಅತ್ತ ಕಡೆ ಆಕೆ ನಲ್ಲಿ ಬಿಟ್ಟು ಪಾತ್ರೆ ತೊಳೆಯುವ ಸದ್ದು ಕೇಳಿತು.

"ಕಾಲ ಬಾತದ್ದು ನನಗ ಗೊತ್ತಿತ್ತು," ಎಂದಳು. "ಹಾಸ್ಟೆಲಿನ ಬಚ್ಚಲದಾಗ ನೀ ಎಣ್ಣಿ ತಿಕ್ಕೋತ ಕೂತಿದ್ದಿ, ನೋಡಿದ್ದೆ. ಸರ್‌ಗ ಹೇಳಿದ್ರ ನಿನ್ನ ಕೂಡಸತಿದ್ರು. ನೀ ಇಲ್ಲದ ನಾ ಆಡಾಕಿ ಅಲ್ಲ ಅಂತ ಬಾಯಿ ಮುಚ್ಚಿಕೊಂಡ್ನಿ. ಕಾಲ ನೋವಿದ್ದಾಕಿನ್ನ ಆಡಿಸಿ ಸೋಲಿಸಿದ್ನಲ್ಲ ಅಂತ ನನಗ ಇವತ್ತೂ ಅನಸ್ತದ. ಅದಕ್ಕ ಅಂದ್ನಿ, ನನ್ನಿಂದನ ಸೋತ್ವಿ ಅಂತ."

ಅಲ್ಲಿಗೇ ಫೋನು ಇಡಬಹುದಿತ್ತು. ಆಕೆಗೆ ನನ್ನ ಸಂಶಯದ ವಿಷಯ ತಿಳಿಯುತ್ತಲೇ ಇರಲಿಲ್ಲ. ಆದರೆ ಆಕೆಯೇ ಕೇಳಿದಳು: "ಮತ್ತ ನೀ ಏನ ತಿಳಕೊಂಡಿದ್ದಿ?"

"ನೀ ವಿನಾಯಕಗ ನಮ್ಮ ಗುರುತ ಹೇಳೀ ಅಂತ."

"ಯಾವಾಗಿಂದ?"

"ಅವತ್ತಿಂದ."

ಅತ್ತ ಕಡೆ ಅಡಿಗೆಮನೆಯ ನಲ್ಲಿ ಹರಿಯುತ್ತಿದ್ದ ಸದ್ದು ನಿಂತಿತು.

"ನನ್ನ ಮದುವಿಗೆ ನೀ ಬರಲಿಲ್ಲ," ಎಂದಳು ಶೈಲಾ, ಒಂದೊಂದೇ ಶಬ್ದ ಬಿಡಿಸಿ. "ನಿಮ್ಮ ಅವ್ವಗ ಅರಾಮಿಲ್ಲ, ಅದಕ್ಕ ಬರಾಕ ಆಗೂದಿಲ್ಲ ಅಂತ ಕಾಗದಾ ಬರದಿದ್ದಿ."

ಮೈದಾನದಲ್ಲಿ ನೀರು ಚಿಮುಕಿಸುವ ಯಂತ್ರ ಶುರುವಾಗಿತ್ತು. ನಾನು ಎದ್ದು ನಿಂತೆ.

"ಅವ್ವ ಅರಾಮ ಇದ್ಲು, ಶೈಲಾ," ಎಂದೆ.

ಅತ್ತ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು. ಆಕೆ ಫೋನು ಇಡಲಿಲ್ಲ.